ಓದುಗರ ಪ್ರಶ್ನೆ, ನಮ್ಮ ಉತ್ತರ: ಟೈಟಾನಿಯಂ ಕೊಳವೆಯ ಬೆಸುಗೆ

ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಪೈಪುಗಳ ಬೆಸುಗೆಯ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಟೈಟಾನಿಯಂ ಕುರಿತಾಗಿಯೇ ಇದ್ದವು. ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ನಮ್ಮ ಭಾಗಕ್ಕೆ ಬಂದ ಹಾಗೆ ಆ ಲೋಹವೂ ನಮ್ಮ ವರ್ಕ್‌ಶಾಪ್‌ಗಳ ಬಾಗಿಲಿಗೆ ಬರುತ್ತಿದೆ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಹದಿನಾಲ್ಕು ವರ್ಷಗಳಿಂದ ದಾಲ್ ಮಿಲ್ ಮತ್ತು ಡೈರಿಗಳ ಎಸ್‌ಎಸ್ ಕೆಲಸವನ್ನು ಆರ್ಗಾನ್ ವೆಲ್ಡಿಂಗ್‌ನಲ್ಲಿ (ಆರ್ಗಾನ್ ಅನಿಲದ ಹೊದಿಕೆಯಡಿ ಬೆಸೆಯುವ ವಿಧಾನ) ಮಾಡಿಕೊಂಡು ಬಂದಿದ್ದೇನೆ. ಒಂದು ಕೆಮಿಕಲ್ ಕಾರ್ಖಾನೆಯವರು 38 ಮಿ.ಮೀ. ವ್ಯಾಸದ, 1.5 ಮಿ.ಮೀ. ದಪ್ಪದ ಗ್ರೇಡ್ 2 (ಮಿಶ್ರಲೋಹವಲ್ಲದ ಶುದ್ಧ ದರ್ಜೆಯ) ಟೈಟಾನಿಯಂ ಕೊಳವೆಗಳನ್ನು ಜೋಡಿಸಲು ಕೊಟ್ಟರು. ಬೆಸುಗೆ ನೀಲಿಯಾಗಿ, ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗಿತು. ವೈರ್ ಬ್ರಷ್‌ನಿಂದ ತಿಕ್ಕಿದಾಗ ಬೆಳ್ಳಿಯಂತೆ ಹೊಳೆಯಿತು, ನೀರಿನ ಒತ್ತಡದ ಪರೀಕ್ಷೆಯಲ್ಲಿಯೂ ಪಾಸಾಯಿತು. ಆದರೆ ಐದು ವಾರಗಳೊಳಗೆ ಮೂರು ಜಾಯಿಂಟ್‌ಗಳು ಬೆಸುಗೆಯಲ್ಲೇ ಸೀಳಿವೆ. ಅದರ ಮೇಲೆ ಇನ್ನೊಂದು ಪಾಸ್ (ಬೆಸುಗೆಯ ಸುತ್ತು) ಹಾಕಿದರೆ ಸರಿಹೋಗುತ್ತದೆಯೇ?
— ಕಪನೂರು ಕೈಗಾರಿಕಾ ಪ್ರದೇಶ, ಕಲಬುರಗಿ

ಉತ್ತರ: ಸರಿಹೋಗುವುದಿಲ್ಲ. ಸೀಳಿದ ಮೂರನ್ನಷ್ಟೇ ಅಲ್ಲ, ನೀಲಿ ಮತ್ತು ಬೂದು ಬಣ್ಣ ಬಂದಿದ್ದ ಎಲ್ಲ ಜಾಯಿಂಟ್‌ಗಳನ್ನೂ ಅಕ್ಕಪಕ್ಕದ ಬಣ್ಣಗೆಟ್ಟ ಭಾಗದ ಸಮೇತ ಕತ್ತರಿಸಿ ತೆಗೆದು, ಹೊಸ ತುಂಡು ಸೇರಿಸಿ ಬೆಸೆಯಬೇಕು. ಕಾರ್ಖಾನೆಯವರಿಗೆ ಈ ಮಾತನ್ನು ಈಗಲೇ ತಿಳಿಸುವುದು ಒಳ್ಳೆಯದು, ಏಕೆಂದರೆ ಆ ಕೊಳವೆಗಳೊಳಗೆ ಹರಿಯುವುದು ನೀರಲ್ಲ.

ನಿಮ್ಮ ಕೈಕೆಲಸದಲ್ಲಿ ದೋಷವಿದೆ ಎಂದು ನಾನು ಭಾವಿಸುವುದಿಲ್ಲ. ಎಸ್‌ಎಸ್‌ನಲ್ಲಿ ಪಳಗಿದ ಕೈ ಟೈಟಾನಿಯಂ ದ್ರವವನ್ನು ಸುಲಭವಾಗಿಯೇ ಹಿಡಿದುಕೊಳ್ಳುತ್ತದೆ. ಅದು ಕರಗಿದಾಗ ಸ್ವಚ್ಛವಾಗಿ, ಹಿತವಾಗಿ ಹರಿಯುವ ಲೋಹ. ತೊಂದರೆ ಇರುವುದು ಟಾರ್ಚ್ (ಆರ್ಕ್ ಮತ್ತು ಗ್ಯಾಸ್ ಹೊರಡುವ ಬೆಸುಗೆಯ ಹಿಡಿಕೆ) ಮುಂದೆ ಸಾಗಿದ ಮೇಲೆ. ಎಸ್‌ಎಸ್ ಗಟ್ಟಿಯಾದ ಕೂಡಲೇ ನಮ್ಮ ಕಾಳಜಿ ಬಹುಪಾಲು ಮುಗಿಯುತ್ತದೆ, ಆದರೆ ಟೈಟಾನಿಯಂ ಗಟ್ಟಿಯಾದ ನಂತರವೂ, ಕಣ್ಣಿಗೆ ಕೆಂಪು ಕಾಣದ ಸ್ಥಿತಿಗೆ ಬಂದ ನಂತರವೂ, ಸುತ್ತಲಿನ ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಬಿಸಿಯಾದ ಟೈಟಾನಿಯಂ ಆಮ್ಲಜನಕ, ಸಾರಜನಕ ಮತ್ತು ಜಲಜನಕ ಮೂರನ್ನೂ ಕರಗಿಸಿಕೊಳ್ಳುತ್ತದೆ. ಅವುಗಳ ಪರಮಾಣುಗಳು ಲೋಹದ ಹರಳುಗಳ ಒಳಗಿನ ಸಂದಿಗಳಲ್ಲಿ ಸೇರಿಕೊಂಡು, ಬಗ್ಗಬೇಕಾದ ಲೋಹವನ್ನು ಬಗ್ಗದಂತೆ ಹಿಡಿದುಬಿಡುತ್ತವೆ. ಲೋಹ ಗಡುಸಾಗುತ್ತದೆ, ಗಡುಸಾದದ್ದು ಪೆಡಸಾಗುತ್ತದೆ. ಗ್ರೇಡ್ 2ರಲ್ಲಿ ಇರಬಹುದಾದ ಆಮ್ಲಜನಕದ ಗರಿಷ್ಠ ಮಿತಿ ಕೇವಲ ಶೇಕಡಾ 0.25 ಎಂಬುದನ್ನು ನೋಡಿದರೆ, ಎಷ್ಟು ಸಣ್ಣ ಪ್ರಮಾಣ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದು ಅರ್ಥವಾಗುತ್ತದೆ. ನೀರಿನ ಒತ್ತಡದ ಪರೀಕ್ಷೆ ಈ ಪೆಡಸುತನವನ್ನು ಹೊರಗೆಡಹುವುದಿಲ್ಲ, ಏಕೆಂದರೆ ಆ ಪರೀಕ್ಷೆಯಲ್ಲಿ ಕೊಳವೆ ಸುಮ್ಮನೆ ನಿಂತಿರುತ್ತದೆ. ಪಂಪಿನ ಕಂಪನವೂ ದಿನಕ್ಕೆ ಹಲವು ಸಲ ಬಿಸಿಯಾಗಿ ತಣ್ಣಗಾಗುವ ಹಿಗ್ಗು-ಕುಗ್ಗೂ ಶುರುವಾದ ಮೇಲೆಯೇ ಅದು ಬಯಲಾಗುತ್ತದೆ, ನಿಮ್ಮಲ್ಲಿ ಐದು ವಾರಗಳಲ್ಲಿ ಬಯಲಾದಂತೆ.

ಇನ್ನು ಬಣ್ಣದ ವಿಷಯ. ಬೆಸುಗೆಯ ಬಣ್ಣವನ್ನು ಬ್ರಷ್‌ನಿಂದ ತಿಕ್ಕಿ ತೆಗೆದದ್ದೇ ಈ ಕೆಲಸದಲ್ಲಿ ನಡೆದ ದೊಡ್ಡ ತಪ್ಪು ಎಂದು ನಾನು ನೇರವಾಗಿ ಹೇಳಬೇಕಾಗಿದೆ. ಆ ಬಣ್ಣ ಕೊಳೆಯಲ್ಲ, ಅದು ಸಾಕ್ಷಿ. ಬಿಸಿ ಲೋಹ ಗಾಳಿಗೆ ತೆರೆದುಕೊಂಡಾಗ ಮೇಲೆ ಆಕ್ಸೈಡಿನ ಅತಿ ತೆಳುವಾದ ಪದರ ಬೆಳೆಯುತ್ತದೆ, ಮತ್ತು ಆ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ. ಹೊಸ ಬೆಳ್ಳಿ ನಾಣ್ಯದ ಹೊಳಪು ಉಳಿದಿದ್ದರೆ ಗ್ಯಾಸಿನ ರಕ್ಷಣೆ ಸರಿಯಾಗಿತ್ತು ಎಂದರ್ಥ. ಒಣಗಿದ ಕಣಿಕಿಯ ತಿಳಿ ಹಳದಿ ಬಂದರೆ ಸಣ್ಣ ಲೋಪ. ಅದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಮುಂದಿನ ಪಾಸ್‌ಗೆ ಮೊದಲು ಟೈಟಾನಿಯಂಗೆಂದೇ ಇಟ್ಟ ಎಸ್‌ಎಸ್ ಬ್ರಷ್‌ನಿಂದ ತೆಗೆದು ಮುಂದುವರಿಯಬಹುದು. ನೇರಳೆ, ನೀಲಿ ಬಂದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಮಂಕಾದ ಬೂದು ಬಣ್ಣ, ಅಥವಾ ಬೆರಳಿಗೆ ಅಂಟುವ ಸುಣ್ಣದಂಥ ಬಿಳಿ ಪುಡಿ ಕಂಡರೆ ಆ ಬೆಸುಗೆ ಸತ್ತಿದೆ. ತಿಕ್ಕಿದಾಗ ಹೋಗುವುದು ಮೇಲಿನ ಪದರ ಮಾತ್ರ, ಒಳಗೆ ಕರಗಿದ ಆಮ್ಲಜನಕ ಎಲ್ಲಿಗೂ ಹೋಗುವುದಿಲ್ಲ. ಮತ್ತೊಮ್ಮೆ ಕರಗಿಸಿದರೆ ಅದು ಇನ್ನಷ್ಟು ಆಳಕ್ಕೆ ಹರಡುತ್ತದೆ. ಕೆಟ್ಟ ಪಾಸ್‌ನ ಮೇಲೆ ಒಳ್ಳೆಯ ಪಾಸ್ ಹಾಕಿದರೆ ಹೊರಗೆ ಬೆಳ್ಳಿ, ಒಳಗೆ ಗಾಜು ಎಂಬಂತಾಗುತ್ತದೆ, ಆ ಸ್ಥಿತಿಯನ್ನು ಆಮೇಲೆ ಯಾವ ಪರೀಕ್ಷಕನ ಕಣ್ಣೂ ಹಿಡಿಯಲಾರದು.

ನಾನು ಹೊಸಬರಿಗೆ ಕಲಿಸುವಾಗ ಒಂದು ಪ್ರಯೋಗ ಮಾಡಿಸುತ್ತೇನೆ, ನೀವೂ ಮಾಡಿ ನೋಡಿ. ಒಂದೇ ಹಾಳೆಯಿಂದ ಎರಡು ಪಟ್ಟಿ ಕತ್ತರಿಸಿ, ಎರಡರ ಮೇಲೂ ಒಂದೊಂದು ಬೀಡ್ (ಬೆಸುಗೆಯ ಸಾಲು) ಎಳೆಯಿರಿ. ಮೊದಲನೆಯದರಲ್ಲಿ ಆರ್ಕ್ (ಬೆಸೆಯುವ ವಿದ್ಯುತ್ ಜ್ವಾಲೆ) ಆರಿದ ಮೇಲೂ ಟಾರ್ಚನ್ನು ಅಲ್ಲಾಡಿಸದೆ ಗ್ಯಾಸ್ ಬಿಡುತ್ತಾ ಇರಿ. ಎರಡನೆಯದರಲ್ಲಿ ಎಸ್‌ಎಸ್ ಕೆಲಸದ ರೂಢಿಯಂತೆ ಗ್ಯಾಸಿನ ರಕ್ಷಣೆಯನ್ನು ಲೆಕ್ಕಿಸದೆ ಬೇಗ ಬೇಗ ಎಳೆದು, ಆರ್ಕ್ ಆರಿದೊಡನೆ ಟಾರ್ಚ್ ಎತ್ತಿಬಿಡಿ. ಎತ್ತಿದ ಕ್ಷಣಕ್ಕೆ ಬೀಡ್ ಬೆಳ್ಳಿಯಂತೆಯೇ ಇರುತ್ತದೆ. ನೋಡುತ್ತಿದ್ದಂತೆ ಅಂಚಿನಿಂದ ಹಳದಿ ಏರುತ್ತದೆ, ಹಳದಿ ನೇರಳೆಯಾಗಿ, ನೇರಳೆ ನವಿಲುಗೊರಳಿನ ನೀಲಿಯಾಗುತ್ತದೆ. ಅದರ ಮೇಲೆಯೇ ಇನ್ನೆರಡು ಸಲ ಹೀಗೆಯೇ ಎಳೆದು ಬೂದು ಬಣ್ಣ ಬರಿಸಿ. ತಣ್ಣಗಾದ ಮೇಲೆ ಎರಡನ್ನೂ ವೈಸ್‌ನಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿದರೆ, ಮೊದಲನೆಯದು ಸುತ್ತು ಬಾಗುತ್ತದೆ, ಎರಡನೆಯದು ಬೀಡಿನ ಸಾಲಿನಲ್ಲೇ ಟಕ್ಕೆಂದು ಬಿರುಕು ಬಿಡುತ್ತದೆ. ಆ ಶಬ್ದವನ್ನು ಒಮ್ಮೆ ಕೇಳಿದ ಹುಡುಗರು ಮತ್ತೆ ಟಾರ್ಚ್ ಬೇಗ ಎತ್ತಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಏನು ಮಾಡಬೇಕು? ಲೋಹ ಸುಮಾರು 425 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೂ ಅದರ ಹೊರಮೈಗೂ ಒಳಮೈಗೂ ಗಾಳಿ ತಾಗಬಾರದು. ಟೈಟಾನಿಯಂ ಶಾಖವನ್ನು ಬೇಗ ಸಾಗಿಸುವ ಲೋಹವಲ್ಲವಾದ್ದರಿಂದ ಬಿಸಿ ಬೆಸುಗೆಯ ಹತ್ತಿರವೇ ನಿಂತುಬಿಡುತ್ತದೆ, ಕಾಯಬೇಕಾದ ಸಮಯವೂ ಹೆಚ್ಚುತ್ತದೆ. ಇದಕ್ಕೆ ಮೂರು ಕಡೆಯಿಂದ ಆರ್ಗಾನ್ ಬೇಕು: ಟಾರ್ಚಿನಿಂದ, ಟಾರ್ಚಿನ ಬೆನ್ನಿಗೆ ಸಾಗುವ ಟ್ರೇಲಿಂಗ್ ಶೀಲ್ಡಿನಿಂದ ಮತ್ತು ಕೊಳವೆಯ ಒಳಗಿನಿಂದ. ಟಾರ್ಚಿಗೆ ನೀವು ಈಗ ಬಳಸುತ್ತಿರುವ ಸಣ್ಣ ಸಿರಾಮಿಕ್ ಕಪ್ ಸಾಲದು. ಗ್ಯಾಸನ್ನು ಸಮನಾಗಿ ಹರಿಸುವ ಜಾಲರಿಯ ಗ್ಯಾಸ್ ಲೆನ್ಸ್ ಹಾಕಿಸಿ, 12ನೇ ನಂಬರಿನ, ಅಂದರೆ 19 ಮಿ.ಮೀ. ಬಾಯಿಯ ಕಪ್ ಕೂಡಿಸಿ. ಹರಿವು ನಿಮಿಷಕ್ಕೆ 15 ಲೀಟರ್ ಆಸುಪಾಸಿನಲ್ಲಿರಲಿ. ಹೆಚ್ಚು ಬಿಟ್ಟರೆ ಹೆಚ್ಚು ರಕ್ಷಣೆ ಎಂದು ಹಲವರು ತಿಳಿದಿದ್ದಾರೆ. ಆದರೆ ರಭಸ ಜಾಸ್ತಿಯಾದಾಗ ಗ್ಯಾಸು ಸುಳಿ ತಿರುಗಿ ಸುತ್ತಲಿನ ಗಾಳಿಯನ್ನೇ ಒಳಗೆ ಎಳೆದು ತರುತ್ತದೆ.

ಟ್ರೇಲಿಂಗ್ ಶೀಲ್ಡನ್ನು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ, ನಿಮ್ಮಂಥ ಎಸ್‌ಎಸ್ ಕುಶಲಿಗಳಿಗೆ ಅದು ಅರ್ಧ ದಿನದ ಕೆಲಸ. ತೆಳು ಎಸ್‌ಎಸ್ ಹಾಳೆಯಿಂದ ಕೊಳವೆಯ ದುಂಡಿಗೆ ಸರಿಯಾಗಿ ಕೂರುವ ಸಣ್ಣ ಪೆಟ್ಟಿಗೆ ಮಾಡಿ, ಅದರೊಳಗೆ ರಂಧ್ರಗಳುಳ್ಳ ನಳಿಕೆಯಿಂದ ಆರ್ಗಾನ್ ಬಿಟ್ಟು, ತೆರೆದ ಬದಿಗೆ ನವಿರಾದ ಎಸ್‌ಎಸ್ ಜಾಲರಿಯನ್ನು ಹಲವು ಪದರ ಹಾಕಿ. ಜಾಲರಿ ಗ್ಯಾಸಿನ ರಭಸವನ್ನು ಮುರಿದು, ಮಂಜು ಇಳಿದಂತೆ ಮೆತ್ತಗೆ ಇಳಿಸುತ್ತದೆ. ನಿಮ್ಮದು ಸಣ್ಣ ಕೊಳವೆಯಾದ್ದರಿಂದ ಟಾರ್ಚನ್ನು ನಿಲ್ಲಿಸಿಕೊಂಡು ಕೊಳವೆಯನ್ನು ತಿರುಗಿಸುವ ವ್ಯವಸ್ಥೆ ಮಾಡಿಕೊಂಡರೆ ಶೀಲ್ಡನ್ನೂ ಒಂದೇ ಕಡೆ ಕಟ್ಟಿ ನಿಲ್ಲಿಸಬಹುದು, ಕೈಗೂ ಮನಸ್ಸಿಗೂ ಹಗುರ. ಆರ್ಕ್ ಆರಿಸಿದ ಮೇಲೆ ಕನಿಷ್ಠ 20ರಿಂದ 30 ಸೆಕೆಂಡು ಗ್ಯಾಸ್ ಬರುವಂತೆ ಮಷಿನ್ನಿನಲ್ಲಿ ಹೊಂದಿಸಿ, ಅಲ್ಲಿಯವರೆಗೆ ಟಾರ್ಚ್ ಅಲ್ಲಿಯೇ ಇರಲಿ. ತುಂಡುಗಳು ಅಲುಗದಂತೆ ಮೊದಲು ಹಾಕುವ ಚುಕ್ಕಿ ಬೆಸುಗೆ, ಅಂದರೆ ಟ್ಯಾಕ್ ಹಾಕುವಾಗಲೂ ಇದೇ ಶಿಸ್ತು ಬೇಕು. ನೀಲಿ ಟ್ಯಾಕ್ ಬಂದರೆ ತೆಗೆದುಹಾಕಿ, ಅದನ್ನು ಬೆಸುಗೆಯೊಳಗೆ ಕರಗಿಸಬೇಡಿ.

ಬೆಸುಗೆಗೆ ಲೋಹ ತುಂಬುವ ಫಿಲ್ಲರ್ ರಾಡಿನ ತುದಿಯನ್ನು ಮರೆಯುವವರು ಬಹಳ. ರಾಡ್ ಅದ್ದಿ ತೆಗೆಯುವಾಗ ಬಿಸಿ ತುದಿ ಗ್ಯಾಸಿನ ಹೊದಿಕೆಯಿಂದ ಹೊರಗೆ ಬಂದರೆ ಅದೂ ಗಾಳಿ ಕುಡಿಯುತ್ತದೆ, ಮುಂದಿನ ಹನಿಯಲ್ಲಿ ಅದನ್ನು ನೀವೇ ಬೆಸುಗೆಗೆ ಬಡಿಸಿದಂತಾಗುತ್ತದೆ. ತುದಿ ಬಣ್ಣಗೆಟ್ಟಿದ್ದರೆ ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ಬಿಸಾಡಿ ಮತ್ತೆ ಆರಂಭಿಸಿ.

ಪ್ರಶ್ನೆ: ನಮ್ಮ ಔಷಧ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ನೈಟ್ರೋಜನ್ ಲೈನ್ ಇದೆ. ಎಸ್‌ಎಸ್ ಪೈಪಿನ ಒಳಗಡೆ ಪರ್ಜಿಂಗ್‌ಗೆ, ಅಂದರೆ ಗಾಳಿಯನ್ನು ಹೊರದೂಡಲು, ಅದನ್ನೇ ಬಳಸುತ್ತೇವೆ. ಟೈಟಾನಿಯಂ ಕೊಳವೆಗೂ ಬಳಸಬಹುದೇ? ಪರ್ಜ್ ಎಷ್ಟು ಹೊತ್ತು ಮಾಡಬೇಕು?
— ಕೊಳಾರ ಕೈಗಾರಿಕಾ ಪ್ರದೇಶ, ಬೀದರ್

ಉತ್ತರ: ಖಂಡಿತ ಬಳಸಬಾರದು. ನೈಟ್ರೋಜನ್, ಅಂದರೆ ಸಾರಜನಕ, ಜಡ ಅನಿಲ ಎಂಬ ಮಾತು ಎಸ್‌ಎಸ್ ಮಟ್ಟಿಗೆ ನಡೆಯುತ್ತದೆ, ಟೈಟಾನಿಯಂ ಮುಂದೆ ನಡೆಯುವುದಿಲ್ಲ. ಶುದ್ಧ ನೈಟ್ರೋಜನ್‌ನಲ್ಲಿಯೂ ಉರಿಯಬಲ್ಲ ಕೆಲವೇ ಧಾತುಗಳಲ್ಲಿ ಟೈಟಾನಿಯಂ ಒಂದು. ಬೆಸುಗೆಯ ಶಾಖದಲ್ಲಿ ನೈಟ್ರೋಜನ್ ಸಿಕ್ಕರೆ ಲೋಹ ಅದರೊಂದಿಗೆ ಕೂಡಿ ಆಮ್ಲಜನಕಕ್ಕಿಂತ ಕೆಟ್ಟದಾಗಿ ಪೆಡಸಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಬೆರೆತ ಮಿಶ್ರಣಗಳೂ ಬೇಡ. ಆರ್ಗಾನ್ ಮಾತ್ರ, ಅದೂ ಶೇಕಡಾ 99.999 ಶುದ್ಧತೆಯದು. ಸಿಲಿಂಡರ್ ತರಿಸುವಾಗ ಶುದ್ಧತೆಯ ಪ್ರಮಾಣಪತ್ರ ಕೇಳಿ ಪಡೆಯಿರಿ. ನೀಲಿ ಬಣ್ಣದ ಸಿಲಿಂಡರ್ ಬಂದಿತು ಎಂದರೆ ಆರ್ಗಾನ್ ಎಂದಷ್ಟೇ ತಿಳಿಯುತ್ತದೆ, ಎಷ್ಟು ಶುದ್ಧ ಎಂಬುದು ತಿಳಿಯುವುದಿಲ್ಲ.

ಪರ್ಜಿನ ಸಮಯವನ್ನು ಅಂದಾಜಿನಿಂದ ಹೇಳುವ ಬದಲು ಲೆಕ್ಕ ಹಾಕಿ. ಒಳಗಿನ ಗಾತ್ರದ ಹತ್ತು ಪಟ್ಟು ಆರ್ಗಾನ್ ಹರಿದ ಮೇಲೆ ಬೆಸುಗೆ ಆರಂಭಿಸಬಹುದು ಎಂಬುದು ರೂಢಿಯ ನಿಯಮ. ಹಿಂದಿನ ಪತ್ರದ 38 ಮಿ.ಮೀ. ಕೊಳವೆಯನ್ನೇ ತೆಗೆದುಕೊಳ್ಳೋಣ. ಒಳವ್ಯಾಸ 35 ಮಿ.ಮೀ. ಆರು ಮೀಟರ್ ಉದ್ದದ ಪೂರ್ತಿ ಕೊಳವೆಗೆ ಗ್ಯಾಸ್ ತುಂಬಿದರೆ ಗಾತ್ರ ಸುಮಾರು 5.8 ಲೀಟರ್, ಹತ್ತು ಪಟ್ಟು ಎಂದರೆ 58 ಲೀಟರ್, ನಿಮಿಷಕ್ಕೆ 5 ಲೀಟರಿನಂತೆ ಸುಮಾರು ಹನ್ನೆರಡು ನಿಮಿಷ. ಅದೇ ಜಾಯಿಂಟಿನ ಎರಡೂ ಬದಿಗೆ ಸಿಲಿಕೋನ್ ಬಿರಡೆ ಕೂರಿಸಿ 60 ಸೆಂಟಿಮೀಟರ್ ಜಾಗವನ್ನಷ್ಟೇ ತುಂಬಿದರೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಈ ನಿಯಮ ಕನಿಷ್ಠದ ಲೆಕ್ಕ, ನಾನಾದರೆ ಅದರ ಎರಡರಷ್ಟು ಹೊತ್ತು ಬಿಡುತ್ತೇನೆ. ಆಮ್ಲಜನಕ ಅಳೆಯುವ ಮೀಟರ್ ಔಷಧ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಇರುವುದರಿಂದ, ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಪಾಲು ಎಂದು) ಅಳೆಯುವಂಥದ್ದು ನಿಮ್ಮಲ್ಲಿದ್ದರೆ ಹೊರದಾರಿಯಲ್ಲಿ ಹಿಡಿದು 50 ಪಿಪಿಎಂಗಿಂತ ಕೆಳಗೆ ಬಂದದ್ದನ್ನು ಕಣ್ಣಾರೆ ನೋಡಿಯೇ ಆರ್ಕ್ ಹೊಡೆಯಿರಿ.

ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರ. ಆದ್ದರಿಂದ ಅದನ್ನು ಕೆಳಗಿನಿಂದ ಒಳಗೆ ಬಿಟ್ಟು, ಗಾಳಿ ಮೇಲಿನಿಂದ ಹೊರಹೋಗುವಂತೆ ದಾರಿ ಮಾಡಬೇಕು. ಹೊರದಾರಿಯನ್ನು ಮುಚ್ಚಿದರೆ ಒಳಗೆ ಒತ್ತಡ ಕೂಡಿ, ಸುತ್ತು ಮುಗಿಯುವ ಕೊನೆಯ ಅರ್ಧ ಇಂಚಿನಲ್ಲಿ ಕರಗಿದ ಲೋಹ ಹೊರಕ್ಕೆ ಉಬ್ಬುತ್ತದೆ ಅಥವಾ ತೂತು ಬೀಳುತ್ತದೆ. ಆ ಹಂತಕ್ಕೆ ಬಂದಾಗ ಹರಿವನ್ನು ತಗ್ಗಿಸಿ. ಗ್ಯಾಸ್ ತರುವ ಪೈಪಿನ ಬಗ್ಗೆಯೂ ಒಂದು ಮಾತು: ಹಳೆಯ ರಬ್ಬರ್ ಹೋಸ್ ತೇವವನ್ನು ಹಿಡಿದಿಟ್ಟುಕೊಂಡು ಗ್ಯಾಸಿಗೆ ಬಿಡುತ್ತದೆ. ಹೊಸ ಪ್ಲಾಸ್ಟಿಕ್ ಹೋಸ್ ಹಾಕಿ, ಎಲ್ಲ ಜೋಡಣೆಗಳಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ನೀವು ಬೀದರಿನವರಾದ್ದರಿಂದ ಒಂದು ಹೋಲಿಕೆ ಹೇಳುತ್ತೇನೆ. ಬಿದರಿ ಕುಶಲಿಗಳು ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಸವರಿದಾಗ ಸತುವಿನ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಹೊಳೆಯುತ್ತಲೇ ಉಳಿಯುತ್ತದೆ. ಅಲ್ಲಿ ಕಪ್ಪು ಚರ್ಮದ ಮೇಲಷ್ಟೇ ಇರುತ್ತದೆ, ಪಾತ್ರೆಯ ಒಡಲು ಇದ್ದ ಹಾಗೆಯೇ ಇರುತ್ತದೆ. ಟೈಟಾನಿಯಂ ಬೆಸುಗೆಯ ಬೂದು ಬಣ್ಣವನ್ನೂ ಹಾಗೆಯೇ ಮೇಲ್ಮೈಯ ಸಂಗತಿ ಎಂದು ತಿಳಿದು ನಿಮ್ಮ ಗುತ್ತಿಗೆದಾರರು ವಾದಿಸಿದರೆ ಒಪ್ಪಬೇಡಿ. ಕೊಳವೆಯ ಒಳಮೈಯನ್ನೂ ಬೋರ್‌ಸ್ಕೋಪ್‌ನಿಂದ (ಕೊಳವೆಯೊಳಗೆ ತೂರಿಸಿ ನೋಡುವ ಸಾಧನ) ನೋಡಿಯೇ ಕೆಲಸ ಒಪ್ಪಿಕೊಳ್ಳಿ.

ಪ್ರಶ್ನೆ: ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ಡಿನೊಳಗೆ ಫ್ಯಾನ್ ಇಲ್ಲದೆ ನಿಲ್ಲುವುದೇ ಕಷ್ಟ. ಫ್ಯಾನ್ ಹಾಕಿದರೆ ಬೆಸುಗೆ ನೀಲಿಯಾಗುತ್ತದೆ. ಏನಾದರೂ ದಾರಿ ಇದೆಯೇ?
— ಕಡೇಚೂರು, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. 40 ಡಿಗ್ರಿ ದಾಟಿದ ದಿನ ತಗಡಿನ ಕೆಳಗೆ ಜಾಕೆಟ್ ತೊಟ್ಟು ಕೆಲಸ ಮಾಡುವವನಿಗೆ ಫ್ಯಾನ್ ಆರಿಸು ಎಂದು ಹೇಳುವುದು ಸುಲಭದ ಮಾತಲ್ಲ. ಆದರೂ ಟೈಟಾನಿಯಂ ಬೆಸೆಯುವ ಜಾಗದಲ್ಲಿ ಫ್ಯಾನ್, ಕೂಲರ್ ಎರಡೂ ಇರಬಾರದು. ಕೂಲರ್ ಎರಡು ಪಟ್ಟು ಕೇಡು, ಅದು ಗಾಳಿಯ ಜೊತೆಗೆ ತೇವವನ್ನೂ ತರುತ್ತದೆ, ತೇವದಿಂದ ಜಲಜನಕ ಬೆಸುಗೆಗೆ ಸೇರುತ್ತದೆ.

ನಾನು ಹೇಳಬಹುದಾದ ಮೊದಲ ದಾರಿ ಸಮಯ ಬದಲಿಸುವುದು. ಬೆಳಗಿನ ಐದರಿಂದ ಒಂಬತ್ತರವರೆಗೆ ಬೆಸುಗೆ, ಬಿಸಿಲೇರಿದ ಮೇಲೆ ಫ್ಯಾನಿನ ಕೆಳಗೆ ಕತ್ತರಿಸುವ, ಅಂಚು ಹಸನು ಮಾಡುವ, ಒರೆಸಿ ಕಟ್ಟಿಡುವ ಕೆಲಸ. ಎರಡನೆಯದು, ಸಣ್ಣ ತುಂಡುಗಳಾದರೆ ಅವನ್ನು ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಳಗೆ ಇಟ್ಟು, ಕೆಳಗಿನಿಂದ ಆರ್ಗಾನ್ ತುಂಬಿಸಿ, ಕೈಗವಸು ಜೋಡಿಸಿದ ರಂಧ್ರಗಳಿಂದ ಬೆಸೆಯುವುದು. ಆಗ ಹೊರಗಿನ ಗಾಳಿಯ ಭಯವಿಲ್ಲ, ಟ್ರೇಲಿಂಗ್ ಶೀಲ್ಡೂ ಬೇಡ. ಫ್ಲೇಂಜ್ (ಬೋಲ್ಟ್ ಹಾಕಿ ಕೊಳವೆ ಜೋಡಿಸುವ ಬಳೆ), ಬೆಂಡ್ ಮುಂತಾದ ಸುತ್ತುಬಳಸಿನ ಆಕಾರಗಳಿಗೆ ನಾನು ಇದನ್ನೇ ಮೆಚ್ಚುತ್ತೇನೆ. ಜಾಗದಲ್ಲಿಯೇ ಮಾಡಬೇಕಾದ ಕೆಲಸಕ್ಕೆ ಬೆಂಕಿ ಹತ್ತದ ವೆಲ್ಡಿಂಗ್ ಪರದೆಯನ್ನು ಮೂರು ಬದಿಗೆ ಕಟ್ಟಿಕೊಳ್ಳಿ. ಆದರೆ ನಾಲ್ಕೂ ಬದಿ ಮುಚ್ಚಬೇಡಿ, ಗುಂಡಿಯಲ್ಲಿ ಅಥವಾ ಟ್ಯಾಂಕಿನೊಳಗೆ ಕುಳಿತು ಒಬ್ಬರೇ ಈ ಕೆಲಸ ಮಾಡಲೇಬೇಡಿ. ಭಾರವಾದ ಆರ್ಗಾನ್ ತಗ್ಗಿನಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ಉಸಿರುಗಟ್ಟುವ ಮುನ್ಸೂಚನೆಯೂ ಇಲ್ಲದೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ.

ಬೆವರಿನ ವಿಷಯವನ್ನೂ ಹಗುರವಾಗಿ ಕಾಣಬೇಡಿ. ಜಾಯಿಂಟಿನ ಅಂಚನ್ನು ಬರಿಗೈಯಲ್ಲಿ ಮುಟ್ಟಿದರೆ ಎಣ್ಣೆ, ಉಪ್ಪು ಎರಡೂ ಅಂಟುತ್ತವೆ. ಬೆಸುಗೆಗೆ ಸ್ವಲ್ಪ ಮೊದಲು ಅಂಚನ್ನೂ ಫಿಲ್ಲರ್ ರಾಡನ್ನೂ ಅಸಿಟೋನ್ ಹಚ್ಚಿದ, ನೂಲು ಬಿಡದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕಲೆ ಬರುವುದು ನಿಲ್ಲುವವರೆಗೆ ಒರೆಸಿ. ಕ್ಲೋರಿನ್ ಇರುವ ದ್ರಾವಕಗಳನ್ನು ಬಳಸಬೇಡಿ, ಅವು ಉಳಿದರೆ ಮುಂದೆ ಬಿರುಕಿಗೆ ಕಾರಣವಾಗುತ್ತವೆ. ಅಸಿಟೋನ್ ಪೂರ್ತಿ ಆರಿದ ಮೇಲೆ, ಡಬ್ಬಿಯನ್ನು ದೂರ ಇಟ್ಟ ಮೇಲೆ ಆರ್ಕ್. ಕೈಗೆ ಪುಡಿಯಿಲ್ಲದ ನೈಟ್ರೈಲ್ ಗ್ಲೌಸ್ ಹಾಕಿಕೊಂಡೇ ಒರೆಸಿ, ಬೆಸೆಯುವಾಗ ಸ್ವಚ್ಛವಾದ ಚರ್ಮದ ಗ್ಲೌಸ್‌ಗೆ ಬದಲಿಸಿ. ಕೊಳವೆಗಳನ್ನು ಕಬ್ಬಿಣದ ಮೇಜಿನ ಮೇಲೆ ಉರುಳಿಸಬೇಡಿ, ಪಕ್ಕದಲ್ಲಿ ಯಾರೂ ಎಂಎಸ್ (ಸಾಮಾನ್ಯ ಕಬ್ಬಿಣ) ಗ್ರೈಂಡಿಂಗ್ ಮಾಡದಿರಲಿ. ಕಬ್ಬಿಣದ ಒಂದು ಕಿಡಿ ಅಂಟಿಕೊಂಡರೂ ಅಲ್ಲಿಂದಲೇ ಸವೆತ ಶುರುವಾಗಬಹುದು. ಟೈಟಾನಿಯಂನ ನುಣುಪು ಪುಡಿ ಮತ್ತು ತೆಳು ಸುರುಳಿ ಬೆಂಕಿ ಹಿಡಿಯುತ್ತವೆ, ಆದ್ದರಿಂದ ದಿನವೂ ಗುಡಿಸಿ ಮುಚ್ಚಳದ ಡಬ್ಬಿಗೆ ಹಾಕಿ. ಹತ್ತಿಕೊಂಡರೆ ನೀರು ಹಾಕಬೇಡಿ, ಒಣ ಮರಳು ಸುರಿಯಿರಿ.

ಪ್ರಶ್ನೆ: ಟೈಟಾನಿಯಂ ಕೊಳವೆಯನ್ನು ನೇರವಾಗಿ ಎಸ್‌ಎಸ್ ಫ್ಲೇಂಜಿಗೆ ಬೆಸೆಯಬಹುದೇ?
— ಶಹಾಬಾದ್

ಉತ್ತರ: ಆಗುವುದಿಲ್ಲ. ಟೈಟಾನಿಯಂ ಮತ್ತು ಕಬ್ಬಿಣ ಕೂಡಿ ಕರಗಿದಾಗ ಗಾಜಿನಂತೆ ಒಡೆಯುವ ಸಂಯುಕ್ತಗಳು ಹುಟ್ಟುತ್ತವೆ, ಯಾವ ಫಿಲ್ಲರ್ ಹಾಕಿದರೂ ತಪ್ಪುವುದಿಲ್ಲ. ಕೊಳವೆಯ ತುದಿಗೆ ಟೈಟಾನಿಯಂನದೇ ಸ್ಟಬ್ ಎಂಡ್ (ಅಂಚು ಅಗಲಿಸಿದ ಗಿಡ್ಡ ತುಂಡು) ಬೆಸೆದು, ಹಿಂದಿನಿಂದ ಎಸ್‌ಎಸ್‌ನ ಸಡಿಲ ಫ್ಲೇಂಜ್ ಕೂರಿಸಿ ಬೋಲ್ಟ್ ಬಿಗಿಯಿರಿ.

ಪ್ರಶ್ನೆ: ನಾನು ಐಟಿಐ ವೆಲ್ಡರ್ ವಿದ್ಯಾರ್ಥಿ. ಟೈಟಾನಿಯಂ ಕಲಿಯಬೇಕೆಂಬ ಆಸೆ ಇದೆ. ಯಾವುದರಿಂದ ಆರಂಭಿಸಲಿ? ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?
— ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ನಿಮ್ಮ ಆಸೆ ನನಗೆ ಬಹಳ ಸಂತೋಷ ತಂದಿದೆ. ಈ ವಿದ್ಯೆ ಕಲಿತವರು ನಮ್ಮ ಮೂರು ಜಿಲ್ಲೆಗಳಲ್ಲಿ ಕಡಿಮೆ. ಇತ್ತ ನಿಮ್ಮೂರಿಗೆ ಹತ್ತಿರದ ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮಿಶ್ರ ಧಾತು ನಿಗಮವು ಟೈಟಾನಿಯಂ ಮಿಶ್ರಲೋಹಗಳನ್ನು ತಯಾರಿಸುತ್ತಿದೆ, ಕೇರಳದ ಚವರದಲ್ಲಿ ಟೈಟಾನಿಯಂ ಸ್ಪಂಜ್ (ಲೋಹದ ರಂಧ್ರಮಯ ಕಚ್ಚಾ ರೂಪ) ತಯಾರಾಗುತ್ತದೆ, ಲೋಹ ನಮ್ಮದೇ ನೆಲದ್ದಾಗಿದೆ.

ಮೊದಲು ಎಸ್‌ಎಸ್‌ನ ತೆಳು ಕೊಳವೆಯ ಮೇಲೆ, ಒಳಗೆ ಆರ್ಗಾನ್ ತುಂಬಿಸಿ, ಎರಡೂ ಮೈ ಹೊಳೆಯುವಂತೆ ಬೆಸೆಯುವುದನ್ನು ಕೈಗೆ ತಂದುಕೊಳ್ಳಿ. ಅದು ಬಂದ ಮೇಲೆ ಗ್ರೇಡ್ 2 ಟೈಟಾನಿಯಂನ ಉಳಿಕೆ ತುಂಡುಗಳನ್ನು ಕೇಳಿ ತನ್ನಿ. ಮಷಿನ್ ಡಿಸಿಯಲ್ಲಿ, ಟಾರ್ಚ್ ನೆಗೆಟಿವ್‌ಗೆ ಇರಬೇಕು, ಆರ್ಕ್ ಹೈ ಫ್ರೀಕ್ವೆನ್ಸಿಯಿಂದಲೇ (ತುದಿ ತಾಗಿಸದೆ ಕಿಡಿ ಹೊತ್ತಿಸುವ ವಿದ್ಯುತ್) ಹೊತ್ತಬೇಕು. ಟಾರ್ಚಿನ ಟಂಗ್‌ಸ್ಟನ್ ತುದಿಯನ್ನು ಲೋಹಕ್ಕೆ ತಾಗಿಸಿ ಆರ್ಕ್ ಹೊಡೆಯುವ ಅಭ್ಯಾಸವಿದ್ದರೆ ಇಲ್ಲಿ ಬಿಡಬೇಕು, ತಾಗಿದ ಕಡೆ ಟಂಗ್‌ಸ್ಟನ್ ಚೂರು ಉಳಿಯುತ್ತದೆ. ಮೇಲೆ ಹೇಳಿದ ಎರಡು ಪಟ್ಟಿಗಳ ಪ್ರಯೋಗವೇ ನಿಮ್ಮ ಮೊದಲ ಪಾಠವಾಗಲಿ. ಅನುಭವಿಗಳು ಕೂಡ ಪ್ರತಿದಿನ ಕೆಲಸಕ್ಕೆ ಮೊದಲು ಒಂದು ಉಳಿಕೆ ತುಂಡಿನ ಮೇಲೆ ಬೀಡ್ ಎಳೆದು, ಬಣ್ಣ ನೋಡಿ, ಗ್ಯಾಸ್ ಸರಿಯಿದೆ ಎಂದು ಖಚಿತ ಮಾಡಿಕೊಂಡ ನಂತರವೇ ಗಿರಾಕಿಯ ಕೊಳವೆಯನ್ನು ಮುಟ್ಟುತ್ತಾರೆ.

ಸಿಲಿಂಡರಿನ ಲೆಕ್ಕ ಹೀಗೆ. ಸಾಮಾನ್ಯ ದೊಡ್ಡ ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7000 ಲೀಟರ್ ಗ್ಯಾಸ್ ಇರುತ್ತದೆ. ಟಾರ್ಚಿಗೆ 15, ಟ್ರೇಲಿಂಗ್ ಶೀಲ್ಡಿಗೆ 15, ಒಳಗಡೆಗೆ 5, ಒಟ್ಟು ನಿಮಿಷಕ್ಕೆ 35 ಲೀಟರ್ ಹೋದರೆ 200 ನಿಮಿಷ ಬರುತ್ತದೆ. ಎಸ್‌ಎಸ್ ಕೆಲಸಕ್ಕಿಂತ ಇದು ಬಹಳ ಹೆಚ್ಚಿನ ಖರ್ಚು. ದರ ಹೇಳುವಾಗ ಗಿರಾಕಿಗೆ ಗ್ಯಾಸಿನ ಬಾಬ್ತನ್ನು ಪ್ರತ್ಯೇಕವಾಗಿ ಬರೆದು ತೋರಿಸಿ, ಇಲ್ಲದಿದ್ದರೆ ನಷ್ಟ ತುಂಬಿಕೊಳ್ಳಲು ಗ್ಯಾಸಿನಲ್ಲೇ ಮಿಗಿಸುವ ಮನಸ್ಸಾಗುತ್ತದೆ. ಸಿಲಿಂಡರನ್ನು ಪೂರ್ತಿ ಖಾಲಿಯಾಗುವವರೆಗೆ ಟೈಟಾನಿಯಂಗೆ ಬಳಸಬೇಡಿ. ಒತ್ತಡ ಇಳಿದಂತೆ ಉಳಿದ ಗ್ಯಾಸಿನಲ್ಲಿ ತೇವದ ಪಾಲು ಹೆಚ್ಚುತ್ತದೆ, ಆ ಕೊನೆಯ ಭಾಗವನ್ನು ನಿಮ್ಮ ಎಸ್‌ಎಸ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ.